ಖಳನಿಗೆ ಕಣ್ಣೀರು ಕೊಟ್ಟರೆ ಓದುಗರು ಅವನನ್ನು ಕ್ಷಮಿಸಿಬಿಡುತ್ತಾರೆ. ಏನು ಮಾಡಲಿ?

ಮಳೆಹನಿ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ, 1974ರಿಂದ 1979ರವರೆಗೆ. ಭೂಸುಧಾರಣೆ ಬಂದು ಒಕ್ಕಲುಗಳೆಲ್ಲ ಗೇಣಿ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಡಿಕ್ಲರೇಶನ್ ಹಾಕುತ್ತಿದ್ದ ಕಾಲ. ಅಕ್ಕು ಅಂತ ಒಬ್ಬ ಹೆಂಗಸು. ಗಂಡ ತೀರಿಕೊಂಡಿದ್ದಾನೆ. ಮಾವನ ಕಾಲದಿಂದ ಗೇಣಿಗೆ ಮಾಡಿಕೊಂಡು ಬಂದ ಒಂದೂವರೆ ಎಕರೆ ಗದ್ದೆ ಇದೆ. ಓದು ಬರಹ ಬಾರದು. ಊರಿನಲ್ಲಿ ಅರ್ಜಿ ಬರೆದುಕೊಡುವ ಸುಬ್ರಾಯ ಅವಳ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾನೆ. ಅವಳು ಡಿಕ್ಲರೇಶನ್ ಅಂದುಕೊಂಡಿದ್ದಾಳೆ. ನಿಜವಾಗಿ ಅದು ಧಣಿಗೆ ಗೇಣಿ ಬಿಟ್ಟುಕೊಟ್ಟ ಕಾಗದ.

ಮೊದಲ ಸಲ ಬರೆದಾಗ ಸುಬ್ರಾಯ ಎಲೆ ಅಡಿಕೆ ಜಗಿದು ನಗುವ ನಾಟಕದ ಖಳನಾದ. ಓದಿದ ಗೆಳತಿ "ಇವನು ಮನುಷ್ಯನೇ ಅಲ್ಲ, ಬರೀ ಮೀಸೆ" ಅಂದಳು. ಸರಿ ಅಂತ ಎರಡನೇ ಸಲ ಅವನಿಗೊಂದು ಬಾಲ್ಯ ಕೊಟ್ಟೆ. ಅಪ್ಪನನ್ನು ಧಣಿ ಅಂಗಳದಲ್ಲಿ ಹೊಡೆಸಿದ್ದು, ಹಸಿವು, ತಂಗಿಯ ಸಾವು, ಎಲ್ಲ. ಅದೇ ಗೆಳತಿ ಓದಿ ಅತ್ತಳು. "ಪಾಪ ಸುಬ್ರಾಯ" ಅಂದಳು. ಅಕ್ಕು ಬಗ್ಗೆ ಒಂದು ಮಾತೂ ಇಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಬರೆಯಲು ಕೂತದ್ದೇ ಅಕ್ಕುಗಾಗಿ. ಕೆಟ್ಟವನನ್ನು ಮನುಷ್ಯನಾಗಿಸುವುದು ಹೇಗೆ, ಆದರೆ ಅವನು ಮಾಡಿದ್ದನ್ನು ಸಣ್ಣದು ಮಾಡದೇ ಇರುವುದು ಹೇಗೆ?

ಬಯಲುಸೀಮೆ
ಬಾಲ್ಯದ ಕಷ್ಟ ತೆಗೆದುಬಿಡಿ. ಹಸಿದವರೆಲ್ಲ ಮೋಸ ಮಾಡಲ್ಲ. ನಮ್ಮಪ್ಪ ಜೀತಕ್ಕೆ ಇದ್ದವರು. ಇನ್ನೊಬ್ಬರ ಒಂದು ಸೇರು ಜೋಳ ಮುಟ್ಟಿದವರಲ್ಲ. ಬಡತನದಿಂದಲೇ ಕೆಟ್ಟವನಾದ ಅಂತ ಕಥೆಗಳಲ್ಲಿ ಓದಿದಾಗೆಲ್ಲ ನನಗೆ ಅವರ ಮುಖ ನೆನಪಾಗುತ್ತದೆ, ಬೇಜಾರಾಗುತ್ತದೆ.

ಹಳೇಪುಸ್ತಕ
ಕಷ್ಟ ತೋರಿಸಲೇಬಾರದು ಅಂತಲ್ಲ. ಎಲ್ಲಿ ತೋರಿಸುತ್ತೀರಿ ಅನ್ನುವುದು ಮುಖ್ಯ. ರನ್ನನ ಗದಾಯುದ್ಧ ನೋಡಿ. ಅದು ಭೀಮನನ್ನು ಹೊಗಳಲು ಬರೆದ ಕಾವ್ಯ. ತನ್ನ ದೊರೆ ಸತ್ಯಾಶ್ರಯನನ್ನೇ ಭೀಮನ ಜೊತೆ ಒಂದು ಮಾಡಿ ಬರೆದದ್ದು. ಆದರೆ ಪುಸ್ತಕ ಮುಚ್ಚಿದ ಮೇಲೆ ಕಣ್ಣ ಮುಂದೆ ನಿಲ್ಲುವವನು ದುರ್ಯೋಧನ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರೂ ಬಿದ್ದಿದ್ದಾರೆ. ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಂತು, ಮಗ ಅಪ್ಪನಿಗೆ ಎಳ್ಳುನೀರು ಬಿಡಬೇಕು, ನೀನು ಕ್ರಮವನ್ನೇ ತಿರುಗಿಸಿಬಿಟ್ಟೆಯಲ್ಲ ಅಂತ ಕೇಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ಅವನ ತಾಯಿಯನ್ನು ಹೊಗಳುತ್ತಾನೆ. ನಿನ್ನ ಸಾವಿನಲ್ಲಿ ಒಂದು ಪಾಲಾದರೂ ನನಗೆ ಸಿಗಲಿ ಅನ್ನುತ್ತಾನೆ.

ಗಮನಿಸಿ, ಈ ದುಃಖವೆಲ್ಲ ಬರುವುದು ಕೊನೆಯಲ್ಲಿ. ಜೂಜು ಆಗಿದೆ, ದ್ರೌಪದಿಯ ಮುಡಿ ಎಳೆದದ್ದು ಆಗಿದೆ. ಅದು ಓದುಗನಿಗೆ ಗೊತ್ತು. ತಪ್ಪಿಗೆ ಮೊದಲು ಬರುವ ದುಃಖ ನೆಪದ ಹಾಗೆ ಕಾಣುತ್ತದೆ. ತಪ್ಪಾದ ಮೇಲೆ ಬಂದರೆ ಅದು ಅವನದೇ ಬೆಳೆ. ನಿಮ್ಮ ಸುಬ್ರಾಯನ ಬಾಲ್ಯ ಹೆಬ್ಬೆಟ್ಟಿನ ಅಧ್ಯಾಯಕ್ಕಿಂತ ಮೊದಲು ಇದೆ ಅಲ್ವಾ?

ಮಳೆಹನಿ
ಹೌದು ಸರ್. ಮೊದಲ ಅಧ್ಯಾಯವೇ ಅದು.

ಹಳೇಪುಸ್ತಕ
ಹಾಗಾದರೆ ಓದುಗ ಹೆಬ್ಬೆಟ್ಟು ಬೀಳುವ ಮೊದಲೇ ತೀರ್ಪು ಬರೆದಾಗಿದೆ.

ಕಾಫಿತೋಟ
ದುರ್ಯೋಧನನ ಉದಾಹರಣೆ ನನಗೆ ಒಪ್ಪಿಗೆಯಾಗಲಿಲ್ಲ. ಅವನು ರಾಜ. ನೆಲಕ್ಕಲ್ಲ ಛಲಕ್ಕೆ ಹೋರಾಡುತ್ತೇನೆ ಅನ್ನುವವನು. ಅವನ ಕೆಟ್ಟತನಕ್ಕೂ ಒಂದು ಎತ್ತರ ಇದೆ. ಸುಬ್ರಾಯನಿಗೆ ಎಂಥ ಛಲ? ಮೇಜು, ಮಸಿ, ಕಾಗದ, ಅಷ್ಟೇ. ನಮ್ಮ ಸುತ್ತ ಇರುವ ಕೆಟ್ಟದ್ದು ಜಾಸ್ತಿ ಹೀಗೇ ಇರುತ್ತದೆ. 1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ನಡೆಯಿತು. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ರೈಲಿನಲ್ಲಿ ಸಾಗಿಸುವ ಏರ್ಪಾಡು ಮಾಡಿದವನು. ಆ ವಿಚಾರಣೆ ನೋಡಲು ಹೋದ ಚಿಂತಕಿ ಹನ್ನಾ ಅರೆಂಟ್‌ಗೆ ಕಂಡದ್ದು ರಾಕ್ಷಸ ಅಲ್ಲ, ಯೋಚನೆ ಮಾಡುವುದನ್ನೇ ಬಿಟ್ಟ ಒಬ್ಬ ಗುಮಾಸ್ತ. ಕೇಡು ಎಷ್ಟು ಮಾಮೂಲಿಯಾಗಿರಬಹುದು ಅಂತ ಆಕೆ ಬರೆದರು. ನಿಮ್ಮ ಸುಬ್ರಾಯನಿಗೆ ರನ್ನನಿಗಿಂತ ಆ ವಿಚಾರಣೆ ಹತ್ತಿರ.

ದೂರದರ್ಶಕ
ಸ್ವಲ್ಪ ತಿದ್ದುತ್ತೇನೆ. ಅರೆಂಟ್ ಅವರ ಮಾತು ತುಂಬಾ ದೊಡ್ಡದು, ಆದರೆ ಐಕ್‌ಮನ್ ವಿಷಯದಲ್ಲಿ ಅದು ಪೂರ್ತಿ ಸರಿಯಲ್ಲ. ಸಿಕ್ಕಿಬೀಳುವ ಮೊದಲು, 1957ರಲ್ಲಿ, ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದಾಗ ಸಾಸೆನ್ ಅನ್ನುವ ಹಳೇ ನಾಜಿಯ ಮುಂದೆ ಕೂತು ಮಾತಾಡಿದ್ದು ಟೇಪಿನಲ್ಲಿದೆ. ಅಲ್ಲಿ ಅವನು ಮಾಡಿದ್ದರ ಬಗ್ಗೆ ಹೆಮ್ಮೆಪಡುತ್ತಾನೆ. ಕಟಕಟೆಯಲ್ಲಿ ಮಾತ್ರ "ನಾನು ಬರೀ ಆದೇಶ ಪಾಲಿಸಿದವನು". ಅಂದರೆ ಗುಮಾಸ್ತನ ವೇಷವೂ ಒಂದು ವೇಷವೇ.

ಬರೆಯುವವರಿಗೆ ಇದು ಬಂಗಾರದಂಥ ವಿಷಯ. ಅವನು ಯಾರ ಮುಂದೆ ಏನು ಹೇಳುತ್ತಾನೆ ನೋಡಿ. ಸುಬ್ರಾಯ ಧಣಿಯ ಮುಂದೆ, ಹೆಂಡತಿಯ ಮುಂದೆ, ಅಕ್ಕುವಿನ ಮುಂದೆ ಇದೇ ಕೆಲಸವನ್ನು ಮೂರು ಥರ ಹೇಳಬೇಕು.

ಕಾಫಿತೋಟ
ಟೇಪಿನ ವಿಷಯ ಒಪ್ಪಿದೆ. ಆದರೂ ಎಲ್ಲರೂ ಒಳಗೊಳಗೇ ಹೆಮ್ಮೆಪಡುವ ರಾಕ್ಷಸರು ಅಂದುಬಿಟ್ಟರೆ ಮತ್ತೆ ಎಲೆ ಅಡಿಕೆ ಖಳನ ಹತ್ತಿರವೇ ಬಂದ ಹಾಗಾಯಿತು.

ಗೆಜ್ಜೆಸದ್ದು
ಇಷ್ಟು ಹೊತ್ತು ಯಾರೂ ಯಕ್ಷಗಾನದ ತಾಳಮದ್ದಳೆಯ ಹೆಸರು ಎತ್ತಲಿಲ್ಲವಲ್ಲ! ಅದೂ ಕಥೆ ದಕ್ಷಿಣ ಕನ್ನಡದ್ದು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳಿದ ಮೇಲೆ ಕೂತಲ್ಲೇ ಅರ್ಥ ಹೇಳಬೇಕು. ಬರೆದುಕೊಟ್ಟ ಮಾತಿಲ್ಲ. ರಾವಣನ ಪಾತ್ರ ಸಿಕ್ಕಿದರೆ ರಾವಣನ ಪರವಾಗಿ ವಾದಿಸಲೇಬೇಕು. "ನಾನು ಪಾಪಿ" ಅಂತ ಪೀಠಿಕೆ ಶುರು ಮಾಡಿದರೆ ಸಭೆ ಎದ್ದು ಹೋಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ ಕೇಳಲು ಜನ ಮಳೆಯಲ್ಲಿ ನಡೆದು ಬರುತ್ತಿದ್ದರು. ವಾಲಿ ಬಿದ್ದಲ್ಲಿಂದಲೇ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ರಾಮನ ಅರ್ಥ ಹೇಳುವವರು ಅದಕ್ಕೆ ಗಟ್ಟಿ ಉತ್ತರ ಕೊಡಬೇಕು. ಕೊಡದಿದ್ದರೆ ಆ ರಾತ್ರಿ ರಾಮ ಸೋತ ಹಾಗೆ.

ನನ್ನ ಸೋದರಮಾವ ಹವ್ಯಾಸಿ ಅರ್ಥಧಾರಿ. ಯಾವಾಗಲೂ ಒಂದು ಮಾತು ಹೇಳುತ್ತಿದ್ದರು, ಕೌರವನಿಗೆ ತಾನು ಕೌರವ ಅಂತ ಗೊತ್ತಿಲ್ಲ ಅಂತ. ಅವನ ಕಥೆಯಲ್ಲಿ ಅವನೇ ನಾಯಕ, ಹುಟ್ಟಿನಿಂದ ಅನ್ಯಾಯವಾದ ಕುರುಡು ತಂದೆಯ ಮಗ. ಸುಬ್ರಾಯನಿಗೆ ಬಾಲ್ಯ ಬೇಡ, ಒಂದು ಪೀಠಿಕೆ ಬೇಕು. ಹೆಬ್ಬೆಟ್ಟು ಹಾಕಿಸುವ ಹಿಂದಿನ ರಾತ್ರಿ ತನಗೆ ತಾನು ಏನು ಹೇಳಿಕೊಳ್ಳುತ್ತಾನೆ? ಅದನ್ನು ಬರೆಯಿರಿ.

ತುಂಬೆಹೂ
ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ತಾಳಮದ್ದಳೆ ಇಡಿಸುತ್ತಿದ್ದರು. ಮಧ್ಯರಾತ್ರಿ ಬೆಲ್ಲದ ಕಾಫಿ, ಅವಲಕ್ಕಿ. ನಾನು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದೆ. ಶಲ್ಯ ಕರ್ಣನನ್ನು ಬೈಯುವಾಗ ಮಾತ್ರ ಎಚ್ಚರ ಆಗುತ್ತಿತ್ತು.

ಗೆಜ್ಜೆಸದ್ದು
ಅಯ್ಯೋ, ಆ ಅವಲಕ್ಕಿ! ನಮ್ಮಲ್ಲಿ ತೆಂಗಿನಕಾಯಿ ತುರಿ ಧಾರಾಳ ಹಾಕುತ್ತಿದ್ದರು.

ಬಯಲುಸೀಮೆ
ನಮ್ಮ ಕಡೆ ದೊಡ್ಡಾಟ, ಸಣ್ಣಾಟ. ಅಲ್ಲೂ ಕೇಡಿ ಪಾತ್ರಕ್ಕೆ ಒಳ್ಳೇ ಗಂಟಲಿನವನನ್ನೇ ಹಾಕೋದು. ಇದು ಯಾಕೆ ಹಾಗೆ ಅಂತ ಈಗ ಅರ್ಥವಾಯಿತು.

ತುಂಬೆಹೂ
ಆದರೆ ಒಂದು ಮಾತು. ದೇವಿಮಹಾತ್ಮೆ ಯಕ್ಷಗಾನದಲ್ಲಿ ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದಲೇ ಆರ್ಭಟ ಮಾಡಿಕೊಂಡು ಬರುತ್ತಾನಲ್ಲ, ಮಕ್ಕಳಾಗಿ ನಾವು ನಡುಗಿಹೋಗುತ್ತಿದ್ದೆವು. ಅವನಿಗೆ ಯಾವ ವಾದವೂ ಬೇಕಾಗಿರಲಿಲ್ಲ. ಎಲ್ಲ ಖಳರಿಗೂ ಒಳಮನಸ್ಸು ಬೇಕೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಬರೀ ಭಯವಾಗಿ ಬರುವ ಕೇಡಿಗೂ ಜಾಗ ಇದೆ.

ಸಹನಾ
ನಾನು ಬೇರೆ ಕಡೆಯಿಂದ ನೋಡುತ್ತೇನೆ. ಎಲ್ಲರೂ ಸುಬ್ರಾಯನ ಬಗ್ಗೆಯೇ ಮಾತಾಡುತ್ತಿದ್ದೀರಿ. ಛಲ ಇದೆಯಾ, ಹೆಮ್ಮೆ ಇದೆಯಾ, ಪೀಠಿಕೆ ಏನು. ಅಕ್ಕು ಎಲ್ಲಿ? ಮಳೆಹನಿ, ನಿಮ್ಮ ಪೋಸ್ಟ್ ಮತ್ತೆ ಓದಿ. ಅವನಿಗೆ ಅಪ್ಪ, ತಂಗಿ, ಹಸಿವು, ಊರು ಎಲ್ಲ ಇದೆ. ಅವಳಿಗೆ ಇರುವುದು "ಗಂಡ ತೀರಿಕೊಂಡಿದ್ದಾನೆ", "ಓದು ಬರಹ ಬಾರದು". ಎರಡೂ ಇಲ್ಲದ್ದರ ಲೆಕ್ಕ. ಅವಳಿಗೆ ಏನು ಇದೆ? ಏನು ಬರುತ್ತದೆ? ಯಾರ ಮೇಲೆ ಸಿಟ್ಟು? ಯಾವ ಗದ್ದೆಯ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅಂತ ಅವಳಿಗೆ ಗೊತ್ತಲ್ಲ, ಅದು ಪುಸ್ತಕದಲ್ಲಿ ಇದೆಯಾ?

ಗೆಳತಿ ಸುಬ್ರಾಯನಿಗಾಗಿ ಅತ್ತದ್ದು ನೀವು ಅವನನ್ನು ಚೆನ್ನಾಗಿ ಬರೆದಿರಿ ಅಂತ ಮಾತ್ರ ಅಲ್ಲ. ಅಳುವುದಕ್ಕೆ ಆ ಪುಸ್ತಕದಲ್ಲಿ ಇನ್ನೊಬ್ಬ ಮನುಷ್ಯರೇ ಇರಲಿಲ್ಲ. ಖಳನನ್ನು ಕುಗ್ಗಿಸಬೇಡಿ. ಅವಳನ್ನು ಬೆಳೆಸಿ.

ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಒಬ್ಬರು ದೊಡ್ಡವರಿದ್ದರು. ಮನೆಯವರಿಗೆಲ್ಲ ನೋವು ಕೊಟ್ಟವರು. ಅವರು ಹೋದ ಮೇಲೆ ಊರವರೆಲ್ಲ ಅವರು ಎಷ್ಟು ನೊಂದಿದ್ದರು, ಎಷ್ಟು ಕಷ್ಟಪಟ್ಟಿದ್ದರು ಅಂತ ನಮಗೇ ಹೇಳಿದರು. ನಮ್ಮ ಅಮ್ಮ ಏನು ಅನುಭವಿಸಿದಳು ಅಂತ ಒಬ್ಬರೂ ಕೇಳಲಿಲ್ಲ.

ಮಳೆಹನಿ
ಸಹನಾ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಹೇಳಿದ್ದು ಸರಿ. ಅಕ್ಕು ನನ್ನ ಪುಸ್ತಕದಲ್ಲಿ ಬರೀ ಅನ್ಯಾಯಕ್ಕೆ ಒಳಗಾದವಳು. ಬೇರೇನೂ ಅಲ್ಲ. ಅಮ್ಮನ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್.

ಲೆಕ್ಕಪತ್ರ
ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸಾಹಿತ್ಯ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಕಥೆಯ ಮೋಸದಲ್ಲೇ ಒಂದು ತಪ್ಪಿದೆ. ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅವತ್ತಿನಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಆಮೇಲೆ "ಧಣಿಗೆ ಗೇಣಿ ಬಿಟ್ಟುಕೊಟ್ಟೆ" ಅಂತ ಬರೆಸಿದರೆ ಆ ಕಾಗದಕ್ಕೆ ಬೆಲೆ ಇಲ್ಲ. ಸುಬ್ರಾಯ ಅರ್ಜಿ ಬರೆಯುವವನು, ಅವನಿಗೆ ಇದು ಗೊತ್ತಿರುತ್ತದೆ. ಅವನು ಬರೆಯುವುದು ಬೇರೆ: "ನಾನು ಗೇಣಿದಾರಳಲ್ಲ. ಧಣಿಗಳ ಗದ್ದೆಯಲ್ಲಿ ಕೂಲಿಗೆ ಕೆಲಸ ಮಾಡುತ್ತಿದ್ದೆ." ಕೂಲಿಯಾಳಿಗೆ ಆ ಜಮೀನಿನ ಮೇಲೆ ಹಕ್ಕಿಲ್ಲ.

ಇನ್ನೊಂದು. ಫಾರಂ 7, ಅಂದರೆ ನೀವು ಹೇಳಿದ ಡಿಕ್ಲರೇಶನ್, ಹೋಗುತ್ತಿದ್ದದ್ದು ಭೂ ನ್ಯಾಯಮಂಡಳಿಗೆ. ಅಲ್ಲಿ ಆಗ ವಕೀಲರಿಗೆ ಪ್ರವೇಶ ಇರಲಿಲ್ಲ. ಬಡವರಿಗೆ ಖರ್ಚು ಬೇಡ, ದೊಡ್ಡವರು ವಕೀಲರನ್ನು ಇಟ್ಟು ಗೆಲ್ಲುವುದು ಬೇಡ ಅಂತ ಮಾಡಿದ್ದು. ಒಳ್ಳೆಯ ಉದ್ದೇಶ. ಆದರೆ ಇದರಿಂದ ಓದು ಬಾರದವರಿಗೆ ಊರಿನ ಅರ್ಜಿ ಬರೆಯುವವನೇ ಎಲ್ಲ ಆದ. ಸುಬ್ರಾಯನ ಬಲ ಇರುವುದು ಅಲ್ಲಿ. ಅರ್ಜಿ ಹಾಕಲು ಕೊನೆಯ ದಿನ 1979ರ ಜೂನ್ 30. ನಿಮ್ಮ ಕಥೆಯ ಕೊನೆಗೆ ಅದು ಬೇಕಾಗಬಹುದು.

ಸಹನಾ
ಲೆಕ್ಕಪತ್ರ ಸರ್, "ಕೂಲಿಗೆ ಕೆಲಸ ಮಾಡುತ್ತಿದ್ದೆ" ಅನ್ನುವ ಸಾಲು ಓದಿ ಮೈ ಜುಮ್ಮೆಂದಿತು. ಗದ್ದೆ ಕಿತ್ತುಕೊಳ್ಳುವುದು ಒಂದು. ಮೂವತ್ತು ವರ್ಷ ನೀನು ಇಲ್ಲಿ ಒಕ್ಕಲಾಗಿ ಇರಲೇ ಇಲ್ಲ ಅಂತ ಅವಳ ಹೆಬ್ಬೆಟ್ಟಿನಿಂದಲೇ ಹೇಳಿಸುವುದು ಇನ್ನೊಂದು.

ಮಳೆಹನಿ
ಸರ್, ನೀವು ನನ್ನ ಪುಸ್ತಕ ಉಳಿಸಿದಿರಿ. ಹಾಗೇ ಒಂದು ಕೇಳಬೇಕು. ಮೊದಲ ಕರಡಿನಲ್ಲಿ ಅವನನ್ನು ಶಾನುಭೋಗ ಅಂತ ಬರೆದಿದ್ದೆ. ಅದು ಸರಿಯಾ?

ಲೆಕ್ಕಪತ್ರ
ಹುದ್ದೆಯಾಗಿ ತಪ್ಪು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ ಕಾನೂನು 1961ರದು. ನಿಮ್ಮ ಕಥೆಯ ಕಾಲಕ್ಕೆ ಇದ್ದವನು ಗ್ರಾಮ ಲೆಕ್ಕಿಗ. ಜನರ ಬಾಯಲ್ಲಿ ಮಾತ್ರ ಶಾನುಭೋಗರು ಅಂತಲೇ ಉಳಿಯಿತು. ಅಕ್ಕು ಶಾನುಭೋಗರು ಅನ್ನಲಿ, ಕಾಗದದಲ್ಲಿ ಬೇಡ. ಸುಬ್ರಾಯ ಬರೀ ಅರ್ಜಿ ಬರೆಯುವವನಾಗಿ ಇದ್ದರೇ ಒಳ್ಳೆಯದು.

ನೀಲಿಮಸಿ
ಮನಶ್ಶಾಸ್ತ್ರ ಓದಿದವಳು. ಮಾಮೂಲಿ ಮನುಷ್ಯ ಎಲ್ಲಿಯವರೆಗೆ ಹೋಗುತ್ತಾನೆ ಅನ್ನುವುದಕ್ಕೆ ಮಿಲ್‌ಗ್ರಾಂ ಪ್ರಯೋಗ ಹೇಳಲೇಬೇಕು. ಯೇಲ್ ವಿಶ್ವವಿದ್ಯಾಲಯ, 1961ರಲ್ಲಿ ಶುರುವಾದದ್ದು. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗೆಲ್ಲ ಕರೆಂಟ್ ಶಾಕ್ ಕೊಡಬೇಕು ಅಂತ ಹೇಳುತ್ತಾರೆ. ಶಾಕ್ ಸುಳ್ಳು, ಆದರೆ ಸ್ವಿಚ್ ಒತ್ತುವವನಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೆ ಹೋದರು. ಇದು ಎಲ್ಲರೂ ಹೇಳುವ ಭಾಗ.

ಜನ ಹೇಳದ ಭಾಗ ಇನ್ನೊಂದಿದೆ. ಅದೇ ಪ್ರಯೋಗವನ್ನು ಬದಲಿಸಿ ಮತ್ತೆ ಮಾಡಿದಾಗ, ಪಕ್ಕದಲ್ಲಿ ಕೂತ ಇಬ್ಬರು "ನಾವು ಮಾಡಲ್ಲ" ಅಂತ ಎದ್ದುಬಿಟ್ಟರು. ಅವರು ಪ್ರಯೋಗದವರ ಕಡೆಯ ಜನ. ಆಗ ಕೊನೆಯವರೆಗೆ ಹೋದವರು 40ರಲ್ಲಿ 4 ಜನ ಮಾತ್ರ. ಮಳೆಹನಿ, ನಿಮ್ಮ ಊರಿನಲ್ಲಿ "ನಾನು ಬರೆಯಲ್ಲ" ಅನ್ನುವ ಒಬ್ಬ ಇದ್ದಾನಾ? ಅವನಿದ್ದರೆ ಸುಬ್ರಾಯನಿಗೆ ಬೇರೆ ದಾರಿ ಇತ್ತು ಅಂತ ಓದುಗನಿಗೆ ತಾನಾಗಿಯೇ ಗೊತ್ತಾಗುತ್ತದೆ. ನೀವು ಬೈಯಬೇಕಾಗಿಲ್ಲ.

ಬಯಲುಸೀಮೆ
ಇದು! ನಾನು ಮೊದಲು ಹೇಳಲು ಹೊರಟಿದ್ದು ಇದನ್ನೇ. ಅದೇ ಹಸಿವು ಉಂಡು ಬೆಳೆದ ಇನ್ನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿ. ಆಗ ಬಾಲ್ಯ ಇದ್ದರೂ ನನ್ನ ತಕರಾರಿಲ್ಲ.

ಕಾಫಿತೋಟ
ಅವನನ್ನು ಸಂತನನ್ನಾಗಿ ಮಾಡಬೇಡಿ ಮಾತ್ರ. ಸ್ವಲ್ಪ ಜಗಳಗಂಟನಾಗಿರಲಿ.

ಕೆರೆದಂಡೆ
ಎಲ್ಲರೂ ಕಾರಣ ಹುಡುಕುತ್ತಿದ್ದೀರಿ. ಕೆಲವರಿಗೆ ಕಾರಣವೇ ಇರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಒಬ್ಬರಿದ್ದರು. ಪಿಂಚಣಿ ಕೇಳಿಕೊಂಡು ಬರುವ ಮುದುಕರನ್ನು ನಾಳೆ ಬಾ ಅಂತ ಕಳಿಸುತ್ತಿದ್ದರು. ಲಂಚಕ್ಕೂ ಅಲ್ಲ, ದುಡ್ಡು ಕೊಟ್ಟರೂ ಮುಟ್ಟುತ್ತಿರಲಿಲ್ಲ. ಫೈಲು ಅವರ ಮೇಜಿನ ಮೇಲೇ ಇರುತ್ತಿತ್ತು. ಆ ಮುದುಕರು ಬಾಗಿಲಲ್ಲಿ ನಿಂತು ಕೈ ಮುಗಿಯುವುದು ಅವರಿಗೆ ಇಷ್ಟ, ಅಷ್ಟೇ. ಮನೆಯಲ್ಲಿ ಬೆಕ್ಕು ಸಾಕಿದ್ದರು, ಅದಕ್ಕೆ ಹಾಲು ತಡವಾಗುತ್ತದೆ ಅಂತ ಐದು ಗಂಟೆಗೆ ಸರಿಯಾಗಿ ಹೊರಡುತ್ತಿದ್ದರು. ಇವತ್ತಿಗೂ ಅವರು ನನಗೆ ಅರ್ಥವಾಗಿಲ್ಲ. ನಾನೂ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಮಾತೂ ಆಡಲಿಲ್ಲ ಅನ್ನುವುದು ಅದಕ್ಕಿಂತ ಜಾಸ್ತಿ ಕಾಡುತ್ತದೆ.

ನೀಲಿಮಸಿ
ಬೆಕ್ಕಿನ ಹಾಲು. ಇಂಥದ್ದನ್ನು ಯಾರಿಂದಲೂ ಕಟ್ಟಿ ಬರೆಯಲಾಗುವುದಿಲ್ಲ.

ಹಳೇಪುಸ್ತಕ
ಕೆರೆದಂಡೆಯವರ ಮಾತಿಗೆ ಸೇರಿಸುತ್ತೇನೆ. ಪಂಪನ ಭಾರತದಲ್ಲಿ ಕರ್ಣ ಹೇಳುವ ಒಂದು ಪ್ರಸಂಗ ಇದೆ. ದುರ್ಯೋಧನನ ಹೆಂಡತಿ ಭಾನುಮತಿ ಪಗಡೆಯಲ್ಲಿ ಸೋತು, ಪಣ ಕೊಡು ಅಂತ ಕರ್ಣ ಕಾಡುವಾಗ ಅವಳ ಹಾರ ಹರಿದು ಮುತ್ತು ಚೆಲ್ಲುತ್ತದೆ. ದುರ್ಯೋಧನ ಅದನ್ನು ಕಾಣುತ್ತಾನೆ. ಸಂಶಯ ಪಡುವುದಿಲ್ಲ, ಮುತ್ತು ಆಯ್ದುಕೊಡಲೇ ಅಂತ ಕೇಳುತ್ತಾನೆ. ಇಂಥವನನ್ನು ಬಿಟ್ಟು ಪಾಂಡವರ ಕಡೆ ಬರಲೇ ಅನ್ನುವುದು ಕರ್ಣನ ಮಾತು. ನೋಡಿ, ಆ ಒಳ್ಳೆಯತನ ನಿಜ. ಆದರೆ ಅದು ತನ್ನವರಿಗೆ ಮಾತ್ರ. ಗೆಳೆಯನ ಮೇಲೆ ಅಷ್ಟು ನಂಬಿಕೆ ಇಟ್ಟವನೇ ಸೂಜಿಮೊನೆಯಷ್ಟು ನೆಲ ಕೊಡಲ್ಲ ಅಂದವನು. ಒಳ್ಳೆಯತನ ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವ ಗೆರೆ ಹಾಕಿದರೆ ಸಾಕು, ಖಳನ ಚಿತ್ರ ಅಲ್ಲೇ ಸಿಗುತ್ತದೆ.

ಮಳೆಹನಿ
ಮೂರು ದಿನ ಆಯಿತು. ನೀವೆಲ್ಲ ಹೇಳಿದ್ದನ್ನು ಇಟ್ಟುಕೊಂಡು ಆ ದೃಶ್ಯ ಮತ್ತೆ ಬರೆದೆ. ಬಾಲ್ಯದ ಅಧ್ಯಾಯ ತೆಗೆದೆ. ಒಂದು ತುಂಡು ಇಲ್ಲಿ ಹಾಕುತ್ತಿದ್ದೇನೆ, ದಯವಿಟ್ಟು ಮುಲಾಜಿಲ್ಲದೆ ಹೇಳಿ:

"ಸುಬ್ರಾಯ ಬೆಂಚಿನ ಮೇಲಿನ ಛತ್ರಿ ತೆಗೆದು ಅಕ್ಕುಗೆ ಜಾಗ ಮಾಡಿದ. ಅವಳು ಕೂರಲಿಲ್ಲ. ಕಾಲಿನ ಕೆಸರು ಬೆಂಚಿಗೆ ತಾಗೀತು ಅಂತ ನಿಂತೇ ಇದ್ದಳು. 'ಕಳೆದ ಸಲ ಮೇಲಿನ ಗದ್ದೆಗೆ ಕಾಯಮೆ ಭತ್ತ ಹಾಕಿದ್ದೆ. ಈ ಸಲ ಒಡ್ಡು ಕಟ್ಟಿದರೆ ಎರಡನೇ ಬೆಳೆಗೂ ನೀರು ನಿಲ್ಲುತ್ತದೆ' ಅಂದಳು. ಸುಬ್ರಾಯ ಬರೆಯುತ್ತಲೇ ಹೂಂಗುಟ್ಟಿದ. ಅವನಿಗೆ ಗೊತ್ತಿತ್ತು, ಗದ್ದೆ ಧಣಿಗಳ ಹತ್ತಿರ ಉಳಿದರೆ ಇವಳಿಗೆ ವರ್ಷಪೂರ್ತಿ ಕೆಲಸ ಸಿಗುತ್ತದೆ. ಒಬ್ಬಳೇ ಹೆಂಗಸು, ತೀರ್ವೆ ಕಟ್ಟಿಕೊಂಡು, ಗೊಬ್ಬರ ತಂದು, ಎಲ್ಲಿ ಸಾಧ್ಯ? ತಾನು ಅವಳಿಗೆ ಒಂದು ಭಾರ ಇಳಿಸುತ್ತಿದ್ದೇನೆ. ಹಾಗಂತ ಅವನು ನಿನ್ನೆಯೇ ತೀರ್ಮಾನ ಮಾಡಿಕೊಂಡಿದ್ದ. ಮಸಿಯ ಪ್ಯಾಡು ಮುಂದೆ ತಳ್ಳಿ, ಅವಳ ಹೆಬ್ಬೆರಳನ್ನು ತಾನೇ ಹಿಡಿದು ಮೆಲ್ಲಗೆ ಒತ್ತಿಸಿದ. ಅಕ್ಷರ ಹಾಳಾಗದ ಹಾಗೆ."

ಗೆಜ್ಜೆಸದ್ದು
"ಭಾರ ಇಳಿಸುತ್ತಿದ್ದೇನೆ." ಸಿಕ್ಕಿತು ನೋಡಿ ಪೀಠಿಕೆ.

ದೂರದರ್ಶಕ
ತುಂಬಾ ಚೆನ್ನಾಗಿದೆ. "ಹಾಗಂತ ಅವನು ನಿನ್ನೆಯೇ ತೀರ್ಮಾನ ಮಾಡಿಕೊಂಡಿದ್ದ" ಅನ್ನುವ ಸಾಲು ಮಾತ್ರ ತೆಗೆಯಿರಿ. ಅಲ್ಲಿ ನೀವು ಬಂದು ಅವನು ಸುಳ್ಳ ಅಂತ ನಮಗೆ ಸನ್ನೆ ಮಾಡುತ್ತಿದ್ದೀರಿ.

ಕಾಫಿತೋಟ
ನನಗೆ ಆ ಸಾಲು ಬೇಕು. ಅವನು ಮೊದಲೇ ತೀರ್ಮಾನ ಮಾಡಿ ಆಮೇಲೆ ಕಾರಣ ಹುಡುಕಿದ ಅಂತ ಗೊತ್ತಾಗುವುದು ಅಲ್ಲೇ.

ಸಹನಾ
ಎರಡನೇ ಬೆಳೆಯ ಮಾತು ಓದಿದ ಮೇಲೆ ನನಗೆ ಸುಬ್ರಾಯನ ಯೋಚನೆಗಳು ಅಷ್ಟು ಮುಖ್ಯ ಅನ್ನಿಸಲಿಲ್ಲ. ನಾನು ಗದ್ದೆಯನ್ನೇ ನೋಡುತ್ತಿದ್ದೆ. ಅಕ್ಕು ಈಗ ಬಂದಳು.

ತುಂಬೆಹೂ
ಒಂದು ಸಣ್ಣ ವಿಷಯ. ಹೆಬ್ಬೆಟ್ಟು ಒತ್ತಿದ ಮೇಲೆ ನಮ್ಮ ಅಜ್ಜಿಯಂದಿರು ಬೆರಳಿನ ಮಸಿಯನ್ನು ತಲೆಕೂದಲಿಗೆ ಉಜ್ಜಿ ಒರೆಸಿಕೊಳ್ಳುತ್ತಿದ್ದರು. ಎಣ್ಣೆ ಇರುವುದರಿಂದ ಬೇಗ ಹೋಗುತ್ತದೆ. ಅಕ್ಕು ಹಾಗೆ ಮಾಡಲು ಕೈ ಎತ್ತುವಾಗ ಸುಬ್ರಾಯ ಒಂದು ತುಂಡು ಹಳೇ ಪೇಪರ್ ಹರಿದು ಕೊಟ್ಟರೆ?

ಮಳೆಹನಿ
ತುಂಬೆಹೂ ಅಕ್ಕ, ಕೊಡುತ್ತಾನೆ. ಖಂಡಿತ ಕೊಡುತ್ತಾನೆ. ಅವಳು ಅದನ್ನು ತೆಗೆದುಕೊಳ್ಳುತ್ತಾಳೋ ಇಲ್ಲವೋ ಅಂತ ಇವತ್ತು ರಾತ್ರಿ ಕೂತು ನೋಡುತ್ತೇನೆ. ಲೆಕ್ಕಪತ್ರ ಸರ್, ಆಗಿನ ಫಾರಂ 7ರಲ್ಲಿ ಹೆಬ್ಬೆಟ್ಟಿನ ಪಕ್ಕ ಸಾಕ್ಷಿಯ ಸಹಿ ಹಾಕಿಸುತ್ತಿದ್ದರಾ? ಹಾಕಿಸುತ್ತಿದ್ದರೆ ಆ "ನಾನು ಬರೆಯಲ್ಲ" ಅನ್ನುವವನನ್ನು ಅಲ್ಲೇ ಬಾಗಿಲ ಹತ್ತಿರ ನಿಲ್ಲಿಸಬೇಕು ಅಂದುಕೊಂಡಿದ್ದೇನೆ.